ಎರಡು ಸೈಟು

ಮತ್ತಿಗಿರಿಯ ಆಚೆ, ಗುಲಾಬಿ ಬೆಳೆಯುತ್ತಿದ್ದ ಹೊಲಕ್ಕೆ
ಬಡಾವಣೆಯ ನಕ್ಷೆ ಬರೆದವನು ನಾನೇ.
ಮೊದಲ ಕರಡಿನಲ್ಲಿ ಏಳನೇ ಅಡ್ಡರಸ್ತೆ
ನೆಟ್ಟಗೆ ಹೋಗಿ ಹಳೇ ಊರಿಗೆ ಸೇರುತ್ತಿತ್ತು.
ನನ್ನ ಜಾಣತನವೇನಲ್ಲ,
ಅಲ್ಲಿ ಆಗಲೇ ಒಂದು ಕಾಲುದಾರಿಯಿತ್ತು,
ಅದರ ಮೇಲೆ ಸ್ಕೇಲು ಇಟ್ಟಿದ್ದೆ ಅಷ್ಟೆ.

ಮಾಲೀಕರು ಬಂದರು, ಬೆರಳಿಟ್ಟರು:
‘ಇಲ್ಲಿ ಮುಚ್ಚಿಬಿಡಿ ಸಾರ್, ಎರಡು ಸೈಟು ಉಳಿಯುತ್ತೆ.’
ಬ್ಲೇಡಿನಿಂದ ಮೆಲ್ಲಗೆ ಕೆರೆದೆ.
ಶಾಯಿ ಎದ್ದುಬಂತು, ಹಾಳೆ ಹರಿಯಲಿಲ್ಲ.
ಆ ಕೆಲಸಕ್ಕೆ ನನಗೆ ಹೆಸರಿತ್ತು.

ಹೆಸರೇ ಹೊಸೂರು,
ಇನ್ನೆಷ್ಟು ಸಲ ಹೊಸದಾಗಬೇಕೋ ಅದಕ್ಕೇ ಗೊತ್ತಿಲ್ಲ.
ಬಾಗಲೂರು ರಸ್ತೆ, ತಳಿ ರಸ್ತೆ,
ತೂತುಬಿದ್ದ ಚೀಲದ ರಾಗಿಯ ಹಾಗೆ ದಾರಿಯುದ್ದಕ್ಕೂ ಮನೆ.
ಬಡಾವಣೆಗೆ ಒಂದೇ ಬಾಯಿ, ಬಾಯಿಗೊಬ್ಬ ಕಾವಲುಗಾರ.
ಒಳಹೊಕ್ಕ ರಸ್ತೆ ಒಳಗೇ ಸುತ್ತಿ
ಹಗ್ಗ ಮುಗಿದ ಹಸುವಿನಂತೆ ಗೂಟಕ್ಕೆ ಬರುತ್ತದೆ.
ಬೆಳಗ್ಗೆ ಎಲ್ಲ ಬಾಯಿಗಳೂ ಒಂದೇ ಹೆದ್ದಾರಿಗೆ ಕಾರು ಉಗುಳುತ್ತವೆ,
ನಾವು ನಿಂತಲ್ಲೇ ನಿಂತು ಹಾರನ್ನು ಒತ್ತುತ್ತೇವೆ.

ಹಳೇ ಪೇಟೆಯಲ್ಲಿ ಸಂದು ತಪ್ಪಿದರೆ ಯಾರದೋ ಹಿತ್ತಲು,
ಹಿತ್ತಲು ದಾಟಿದರೆ ಇನ್ನೊಂದು ಬೀದಿ.
ದಾರಿ ತಪ್ಪಿದವನೂ ಎಲ್ಲಾದರೂ ತಲುಪುತ್ತಿದ್ದ.

ಉಳಿದ ಎರಡರಲ್ಲಿ ಒಂದು ಸೈಟನ್ನು
ಮಾಲೀಕರು ಕಡಿಮೆ ದರಕ್ಕೆ ನನಗೇ ಕೊಟ್ಟರು.
ಬೇಡ ಅನ್ನಲಿಲ್ಲ.
ಕಾಲುದಾರಿ ಓಡುತ್ತಿದ್ದ ಕಡೆ ಈಗ ನನ್ನ ಬಚ್ಚಲು.

ಬೆಳಗಿನ ಆರಕ್ಕೆ ಹಿಂಗೋಡೆಯಾಚೆ
ಪಿಳ್ಳಮ್ಮನ ಕೂಗು: ‘ದಂಟು, ಕೀರೆ, ಸಬ್ಬಸಿಗೇ...’
(ಇಲ್ಲಿ ಪತ್ರ ತಮಿಳಿನಲ್ಲಿ, ಜಗಳ ತೆಲುಗಿನಲ್ಲಿ,
ಸೊಪ್ಪು ಮಾತ್ರ ಇನ್ನೂ ಕನ್ನಡದಲ್ಲಿ.)
ಅವಳು ಸುತ್ತಿ ಬಳಸಿ ಗೇಟಿನಲ್ಲಿ ಹೆಸರು ಬರೆಸಿ
ನನ್ನ ಬಾಗಿಲಿಗೆ ಬರುವಾಗ ಏಳೂವರೆ.
ಸೊಪ್ಪು ಬಾಡಿರುತ್ತದೆ. ‘ಬಲು ದೂರ ಸಾಮೀ ನಿಮ್ಮನೆ,’ ಅನ್ನುತ್ತಾಳೆ.
ಚೌಕಾಸಿ ಮಾಡದೆ ದುಡ್ಡು ಕೊಡುತ್ತೇನೆ,
ಯಾಕೆಂದು ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.

ಹೋದ ತಿಂಗಳು ಗೋಡೆಯ ಎರಡು ಇಟ್ಟಿಗೆ ಉದುರಿದವು.
ಮರುದಿನ ಆರಕ್ಕೆ ಆ ತೂತಿನಿಂದ
ಬಳೆ ತೊಟ್ಟ ಕೈಯೊಂದು ಬಂತು,
ಕೈಯಲ್ಲಿ ಹನಿ ಆರದ ದಂಟಿನ ಕಟ್ಟು.

ಅಭ್ಯಾಸಬಲ, ಟೇಪು ಹಿಡಿದು ಅಳೆದೆ:
ಒಂಬತ್ತು ಇಂಚು ಅಗಲ, ಆರೂವರೆ ಎತ್ತರ.
ಭಾನುವಾರ ಸಂಘದವರು ಸಿಮೆಂಟು ತರುತ್ತಾರಂತೆ.
ಸಹಿ ಕೇಳಲು ಬಂದಿದ್ದರು.
ಮನೆಯಲ್ಲಿಲ್ಲ ಅಂತ ಹೇಳಿಸಿದ್ದೇನೆ.