ಅಕ್ಕಿಯ ಮೇಲೆ ಬರೆದದ್ದು

ದಾಖಲೆ ಏನಿದೆ, ಅಂತ ಕೇಳಿದರು ಏಜೆಂಟರು.
ಶಾಲೆಯ ಸರ್ಟಿಫಿಕೇಟಿನಲ್ಲಿ ಅಬೋಲಿ ಬುಧವಂತ ತಾಂಡೇಲ,
ಪಾಸ್‌ಪೋರ್ಟಿನಲ್ಲಿ ಸುಹಾಸಿನಿ ರೋಹಿದಾಸ ಮಾಜಾಳಿಕರ.
ಇವರಿಬ್ಬರೂ ಒಬ್ಬಳೇ ಎನ್ನಲು ಕಾಗದ ಬೇಕು.
ಕಾಗದವಿಲ್ಲದೆ ವೀಸಾ ಇಲ್ಲ, ಸೈಪ್ರಸ್ ಇಲ್ಲ,
ಅಲ್ಲಿ ನನಗಾಗಿ ಕಾದಿರುವ, ಹೆಸರು ನಾಲಿಗೆಗೆ ಹತ್ತದ
ಆ ಮುದುಕಿಯೂ ಇಲ್ಲ.

ಕಾಗದ ಇರಲಿಲ್ಲ. ಇದ್ದದ್ದು ಅಕ್ಕಿ.
ಹಿತ್ತಾಳೆ ಹರಿವಾಣದಲ್ಲಿ ಒಂದೂವರೆ ಸೇರು,
ಉಂಗುರ ಹಿಡಿದ ಅವನ ಬೆರಳು
ನಡುಗುತ್ತ ನನ್ನ ಹೊಸ ಹೆಸರು ಗೀಚಿತ್ತು.
'ಹ'ಕ್ಕೆ ದೀರ್ಘ ಹಾಕಿರಲಿಲ್ಲ, ಭಟ್ಟರು ತಿದ್ದಿದರು.
ಎಲ್ಲರೂ ಬಗ್ಗಿ ಓದಿದರು, ಸಕ್ಕರೆ ಹಂಚಿದರು.
ಮರುದಿನ ಅದೇ ಅಕ್ಕಿ ಪಾಯಸವಾಯಿತು,
ನಾನೇ ಬಡಿಸಿದೆ, ನಾನೂ ಉಂಡೆ.
ದಾಖಲೆಯನ್ನು, ಸಾಹೇಬರೇ,
ನಾವು ಹನ್ನೆರಡು ಜನ ತಿಂದುಬಿಟ್ಟೆವು.

ಬರೆದವನು ಈಗ ರತ್ನಾಗಿರಿ ಕಡೆಯ ಟ್ರಾಲರಿನಲ್ಲಿ.
ಫೋನಿನಲ್ಲಿ 'ಅಗೊ' ಎನ್ನುತ್ತಾನೆ.
ಇಪ್ಪತ್ತೊಂದು ವರ್ಷದಲ್ಲಿ
ತಾನೇ ಬರೆದ ಹೆಸರನ್ನು ಒಂದು ಸಲ ಕರೆದದ್ದಿಲ್ಲ.

ಬದಲಿಸಿದ್ದಕ್ಕೆ ಕಾರಣ ಸಣ್ಣದು: ಅತ್ತೆಯೂ ಅಬೋಲಿ.
ಒಂದೇ ಮನೆಯಲ್ಲಿ ಎರಡು ಅಬೋಲಿಯಾದರೆ
ಕರೆದಾಗ ಯಾರು ಓ ಅನ್ನುವುದು?
ಹೊಸಬಳು ಬಿಡಬೇಕು. ಬಿಟ್ಟೆ.

ಫೋಟೋದವನೆಂದ: ನಗಬೇಡಿ ಅಕ್ಕ,
ವೀಸಾಕ್ಕೆ ಹಲ್ಲು ಕಾಣಬಾರದು.
ಸುಹಾಸಿನಿ ತುಟಿ ಮುಚ್ಚಿದಳು.
ಅಬೋಲಿ ಅಂದರೆ ನಮ್ಮ ಕೊಂಕಣಿಯಲ್ಲಿ ಮಾತಾಡದವಳು,
ಅಬ್ಬಲಿಗೆ ಹೂವಿಗೆ ಪರಿಮಳವೂ ಇಲ್ಲವಲ್ಲ.
ಬಿಳಿ ಪರದೆಯ ಮುಂದೆ
ಇಬ್ಬರೂ ಮೊದಲ ಸಲ ಒಂದೇ ಮುಖ ಮಾಡಿದರು.
ಇದನ್ನೇ ಸಾಕ್ಷಿ ಅಂತ ತಗೊಳ್ಳಬಹುದಿತ್ತು.
ತಗೊಳ್ಳಲಿಲ್ಲ.

ಕಾರವಾರದ ಕೋರ್ಟಿನ ಎದುರು, ಬಾದಾಮಿ ಮರದಡಿ
ಮಿನಿನ್ ಬಾಬನ ಟೈಪ್‌ರೈಟರು.
ದಿನಕ್ಕೆ ಏಳೆಂಟು 'ಉರ್ಫ್' ಹೊಡೆದು ಹೊಡೆದು
ಅರ್ಕಾವತ್ತಿನ ಕೀಲಿ ಸವೆದಿದೆ,
ಅದೊಂದನ್ನು ಪೆನ್ನಿನಲ್ಲಿ ಹಾಕಿಕೊಡುತ್ತಾನೆ.
ಛಾಪಾ ಕಾಗದ ನೂರರದ್ದು, ನೋಟರಿಗೆ ಬೇರೆ,
ಎರಡು ಪೇಪರಿನಲ್ಲಿ ಜಾಹೀರಾತು, ಅದೂ ಬೇರೆ.
ಸಾಕ್ಷಿಗೆ ಅತ್ತೆ ಬಂದಿದ್ದಳು,
ಪೇಟೆಯಲ್ಲಿ ಬುಟ್ಟಿ ಖಾಲಿ ಮಾಡಿ, ಕೈ ಸೀರೆಗೊರೆಸಿಕೊಂಡು.

ಹೆಸರು ಹೇಳಿ, ಬಾಯಿ.
ಅಬೋಲಿ, ಎಂದಳು.
ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಮೆಲ್ಲಗೆ:
ಮುಂಚಿನದ್ದೂ ಹೇಳಬೇಕಾ?
ಮಿನಿನ್ ಬಾಬ ಕೈ ನಿಲ್ಲಿಸಿದ. ಯಾವ ಮುಂಚಿನದ್ದು?
ಇದು ಅಕ್ಕಿಯದ್ದು, ಅಂದಳು ಅತ್ತೆ.
ಬೇಡ ಬೇಡ, ಅದಕ್ಕೆ ಬೇರೆ ಅಫಿಡವಿಟ್ ಆಗುತ್ತದೆ.

ಹಾಗಾದರೆ ಇಷ್ಟು ವರ್ಷ ನಾನು ಜಾಗ ಬಿಟ್ಟುಕೊಟ್ಟದ್ದು
ಅವಳ ಹೆಸರಿಗೂ ಅಲ್ಲ.
ಕೋಡಿಬಾಗದವರೆಗೆ ಟೆಂಪೊದಲ್ಲಿ
ಖಾಲಿ ಬುಟ್ಟಿಯೊಂದನ್ನು ನಡುವೆ ಇಟ್ಟುಕೊಂಡು
ಎರಡು ಅಬೋಲಿಗಳು.

ಎಂಟನೇ ದಿನ ಪೇಪರಿನಲ್ಲಿ ಬಂತು,
ಕಳೆದುಹೋದ ಅಂಕಪಟ್ಟಿಯೊಂದರ ಕೆಳಗೆ:
'ಇಂದಿನಿಂದ ನನ್ನನ್ನು ಸುಹಾಸಿನಿ ಎಂದು ಗುರುತಿಸತಕ್ಕದ್ದು.'
ಇಂದಿನಿಂದಂತೆ.
ಅತ್ತೆ ಕೇಳಿದಳು, ಅಬೋಲಿ ಅಂತ ಎಲ್ಲಿದೆ ತೋರಿಸು.
ತೋರಿಸಿದೆ. ಬೆರಳಿಟ್ಟು ನೋಡಿದಳು, ಎಷ್ಟೋ ಹೊತ್ತು.

ಸಂಜೆ ಮೊರದಲ್ಲಿ ಕುಚ್ಚಲಕ್ಕಿ ಹರವಿ
ಕಲ್ಲು ಆರಿಸುತ್ತಿದ್ದೆ. ಬಂದು ಎದುರಿಗೆ ಕೂತಳು.
ಬರೆ, ಅಂದಳು. ಹೇಳಿದಳು.
ಉಂಗುರ ಅಡವಿನಲ್ಲಿತ್ತು, ಏಜೆಂಟರ ಫೀಸಿಗೆ;
ಬರಿಬೆರಳಲ್ಲೇ ಬರೆದೆ. ನಾಲ್ಕು ಅಕ್ಷರ, ಒಂದು ಒತ್ತು.
ಏನೆಂದು ಇಲ್ಲಿ ಹೇಳುವುದಿಲ್ಲ,
ಇದು ಅಫಿಡವಿಟ್ ಅಲ್ಲ.
ಓದಲು ಬಾರದವಳು ಆ ಕಡೆಯಿಂದ ಬಗ್ಗಿ
ತಲೆಕೆಳಗಾಗಿ ನೋಡಿದಳು.
ಸರಿಯಿದೆ, ಅಂದಳು,
ಮೊರ ಎತ್ತಿ ಕೇರಿ
ಎಸರಿಗೆ ಸುರಿದಳು.

ವೀಸಾ ಇನ್ನೂ ಬಂದಿಲ್ಲ.
ಆವತ್ತಿನ ಅನ್ನ ತುಸು ತಳ ಹಿಡಿದಿತ್ತು.
ಇಬ್ಬರೂ ಕೆರೆದು ಕೆರೆದು ಉಂಡೆವು.