ಸಂದಿಗೆ ಯಾವ ಬಣ್ಣ

ಅಂಗಡಿಯವನು ಅಂದ: ಇದು ಸಬ್‌ವೇ ಟೈಲ್ಸ್ ಮೇಡಂ,
ಮೂರಿಂಚು ಅಗಲ, ಆರಿಂಚು ಉದ್ದ, ಈಗ ಎಲ್ಲರೂ ಇದನ್ನೇ.
ಸಬ್‌ವೇ ಅಂದರೆ ನನಗೆ ಗೊತ್ತಿದ್ದದ್ದು
ರೈಲು ಹಳಿಯ ಕೆಳಗೆ, ಮಳೆ ಬಂದರೆ
ಸ್ಕೂಟರು ಸೈಲೆನ್ಸರಿನ ತನಕ ಮುಳುಗುವ ದಾರಿ.
ಆದರೂ ಕೈಗೆತ್ತಿಕೊಂಡೆ. ತಣ್ಣಗಿತ್ತು.
ಕಾಟನ್ನೋ ಪಾಲಿಸ್ಟರೋ ನೋಡುವ ಹಾಗೆ
ಅಂಚನ್ನು ಬೆರಳಲ್ಲಿ ತಿಕ್ಕಿದೆ.
ಬಿಳಿ ಅಂದರೆ ಒಂದೇ ಬಿಳಿಯೇ?
ಹಾಲು, ಗಂಜಿ, ಸುಣ್ಣ, ಮಜ್ಜಿಗೆ.
ಇಪ್ಪತ್ತೆರಡು ವರ್ಷ ಲೈನಿಂಗ್ ಬಟ್ಟೆ ಕೊಂಡವಳು ನಾನು,
ನಾಲ್ಕನ್ನೂ ಬೀದಿಗೆ ತಂದು ಬಿಸಿಲಿಗೆ ಹಿಡಿದು
ಮಜ್ಜಿಗೆ ಆರಿಸಿದೆ.

ಗುತ್ತಲು ರಸ್ತೆಯ ಮನೆಗೆ ಬೋರಲಿಂಗು ಬಂದ,
ಬಕೆಟ್ಟು, ಹಲ್ಲಿನ ಕರಣೆ, ಕಿವಿ ಮೇಲೆ ಪೆನ್ಸಿಲು.
ಅಡುಗೆ ಕಟ್ಟೆಯ ಮೇಲೆ ತೂಗುಗುಂಡು ಬಿಟ್ಟು ನಕ್ಕ:
"ಗೋಡೆ ಸೊಟ್ಟ ಅದೆ ಕನಕ್ಕ. ಮೇಲಕ್ಕೋಯ್ತಾ ಓಯ್ತಾ
ಅರ್ಧ ಇಂಚು ವಾಲ್ಕಂಡದೆ."
ಯಾರ ಮೈ ನೆಟ್ಟಗಿದೆ ಹೇಳು ಎಂದೆ.
ಒಬ್ಬರ ತೋಳು ದಪ್ಪ, ಒಬ್ಬರ ಬೆನ್ನು ಗೂನು,
ನಾವು ಬಾಯಿಬಿಡುವುದಿಲ್ಲ, ಒಳಮಡಿಕೆಯಲ್ಲಿ ತೀರಿಸುತ್ತೇವೆ.
ನೀನೂ ಹಂಗೇ ಮಾಡು.

ಕಿಟಕಿಯ ನಡುಮಧ್ಯದಿಂದ ಶುರು ಮಾಡಿಸಿದೆ.
ಕಣ್ಣಿಗೆ ಬೀಳುವಲ್ಲಿ ಇಡಿಯವು ಕೂರಲಿ,
ತುಂಡುಗಳೆಲ್ಲ ಸಿಲಿಂಡರಿನ ಹಿಂದಿನ ಮೂಲೆಗೆ.
ಬಟ್ಟೆ ಸಾಲದಿದ್ದರೆ ಕಂಕುಳಲ್ಲಿ ತುಂಡು ಕೊಡುತ್ತೇವಲ್ಲ,
ಕೈಯೆತ್ತುವ ತನಕ ಯಾರಿಗೂ ಕಾಣದು.

ಅಂಚಿಗೆಂದು ಅವನು ತಂದದ್ದು ಹೊಳೆಯುವ ಸ್ಟೀಲ್ ಪಟ್ಟಿ.
ಮದುವೆ ಬ್ಲೌಸಿಗೆ ಜರಿ ಸರಿ, ದಿನಾ ತೊಡುವುದಕ್ಕೆ?
ಪಟ್ಟಿ ವಾಪಸು ಕೊಟ್ಟು, ಅದೇ ಮಜ್ಜಿಗೆ ಬಣ್ಣದ
ದುಂಡಂಚಿನ ಕಡ್ಡಿ ಟೈಲು ತಂದೆವು. ಪೈಪಿಂಗು.
ಕಿಟಕಿಯ ಮೂಲೆ ಕೂಡುವಲ್ಲಿ
ಓರೆಯಾಗಿ ಕೊಯ್ಯುವಾಗ ಎರಡು ಒಡೆದವು.
ಮೂರನೆಯದನ್ನು ಉಸಿರು ಹಿಡಿದು ಕೊಯ್ದ.
ಹಜಾರದಲ್ಲಿ ನಾನೂ ಮಿಷನ್ನು ನಿಲ್ಲಿಸಿದ್ದೆ.

ಇನ್ನು ಸಂದು.
ನಮ್ಮನೆಯವರು ಡಿಪೋದಿಂದ ಗ್ರೀಸಿನ ಕೈಯಲ್ಲೇ ಬಂದು
ಬಿಳಿ ಗ್ರೌಟು ಎಂದರು. ಬೋರಲಿಂಗು ಕಪ್ಪು ಎಂದ.
ಎದ್ದು ಕಾಣುವ ಹೊಲಿಗೆ ಹೊಲಿದವರ ಹೆಮ್ಮೆ,
ಕಾಣದ ಹೊಲಿಗೆ ತೊಟ್ಟವರ ಸುಖ.
ಹೀಗೆಲ್ಲ ಹೇಳಲಿಲ್ಲ.
ಒಗ್ಗರಣೆ ಸಿಡಿಯುತ್ತೆ, ಅರಿಶಿನ ಕೂರುತ್ತೆ ಎಂದೆ, ಅಷ್ಟೇ.
ನೂಲಿನ ಡಬ್ಬಿ ತಂದು
ನನ್ನಲ್ಲಿದ್ದ ಹದಿನೇಳು ಬೂದಿ ಬಣ್ಣಗಳನ್ನೂ
ಒಂದೊಂದೇ ಎಳೆ ಸಂದಿಯಲ್ಲಿ ಇಟ್ಟು ನೋಡಿದೆ.
ಒಂದು ಮಾತ್ರ ಇಟ್ಟ ತಕ್ಷಣ ಮಾತು ನಿಲ್ಲಿಸಿತು.

ಮಾರನೇ ದಿನ ಅವನು ಬರಲಿಲ್ಲ. ಫೋನಿಗೂ ಸಿಗಲಿಲ್ಲ.
ಸಂಜೆ ನಾನೇ ಕಲಸಿದೆ,
ದೋಸೆ ಹಿಟ್ಟಿಗಿಂತ ಗಟ್ಟಿ, ಮುದ್ದೆಗಿಂತ ಸಡಿಲ.
ಹವಾಯಿ ಚಪ್ಪಲಿಯ ತುಂಡಿನಲ್ಲಿ ಓರೆಯಾಗಿ ಎಳೆದೆ,
ಒತ್ತಿದೆ, ಸ್ಪಂಜು ಹಿಂಡಿ ಒರೆಸಿದೆ.
ಒರೆಸಿದಷ್ಟೂ ಮಬ್ಬು. ಕೆಟ್ಟೆನಲ್ಲಪ್ಪ ಎಂದುಕೊಂಡೆ.
ರಾತ್ರಿ ಹನ್ನೊಂದಕ್ಕೆ ಹಳೇ ಲಂಗದ ಒಣ ಬಟ್ಟೆಯಲ್ಲಿ ಉಜ್ಜಿದಾಗ
ಸಾಲು ಸಾಲಾಗಿ ಗೋಡೆ ಕಣ್ಣು ಬಿಟ್ಟಿತು.

ನಾಲ್ಕನೇ ದಿನ ಬಂದ, ಬಾಕಿ ದುಡ್ಡಿಗೆ.
"ಭುಜ ಹಿಡ್ಕಬುಟ್ಟಿತ್ತು ಕನಕ್ಕ."
ಉಗುರಿನಲ್ಲಿ ಸಂದಿಯುದ್ದಕ್ಕೂ ಗೀರುತ್ತ ಹೋಗಿ
ನಲ್ಲಿಯ ಹತ್ತಿರ ನಿಂತ: "ಇಲ್ಲಿ ಗಾಳಿ ಸೇರ್ಕಂಡದೆ."
ಕಾಣುತ್ತಾ?
"ನಂಗೆ ಕಾಣ್ತದೆ. ಯಾರ್ಗೂ ಯೋಳಲ್ಲ ಬುಡಿ."

ಆಮೇಲೆ ಕಂಕುಳಿಂದ ಕವರು ತೆಗೆದ,
ಒಳಗೆ ತಿಳಿನೀಲಿ ಷರ್ಟ್ ಪೀಸು, ತಂಗಿ ಮಗಳ ನಿಶ್ಚಿತಾರ್ಥಕ್ಕೆ.
ಟೇಪು ಹಿಡಿದು ಹಿಂದೆ ನಿಂತೆ.
ಬಲ ಭುಜ ಎಡಕ್ಕಿಂತ ಅರ್ಧ ಇಂಚು ತಗ್ಗು.
ಎಷ್ಟು ಮಹಡಿ, ಎಷ್ಟು ಪೆಟ್ಟಿಗೆ, ಎಷ್ಟು ಮನೆಯ ಗೋಡೆ
ಅದರ ಮೇಲೆ ಕೂತು ಹತ್ತಿದವೋ.
ಪುಸ್ತಕದಲ್ಲಿ ಬರೆದುಕೊಂಡೆ, ಅವನಿಗೆ ಕಾಣದ ಹಾಗೆ.
"ಜೇಬು ವಸಿ ದೊಡ್ಡದಿರ್ಲಿ" ಅಂದ.
ಆಯ್ತು, ಎಂದೆ.