ಸಿಲಿಂಡರಿನ ಮೇಲೆ ಸೀಮೆಸುಣ್ಣ

ಹೊಸ ಸಿಲಿಂಡರು ಬಂದ ದಿನ
ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತೇನೆ.
ಕೋಡಿಬಾಗದ ನಮ್ಮ ಚಾಳಿನಲ್ಲಿ ಆರು ಮನೆ,
ಆರಕ್ಕೂ ಇದೇ ಪಂಚಾಂಗ.
ನಲ್ಲಿಯ ಹತ್ತಿರ ಕೊಡ ಇಟ್ಟರೆ ಮೊದಲ ಮಾತು
‘ನಿಮ್ಮದು ಎಷ್ಟು ದಿನ ಬಂತು?’

ನನ್ನದು ಐವತ್ತೆರಡು.
ಬಿಟ್ಟಿ ಬಂದದ್ದಲ್ಲ.
ಅಕ್ಕಿಯನ್ನು ಮುಂಜಾನೆಯೇ ನೆನೆಹಾಕಬೇಕು,
ಎರಡು ಕುದಿ ಬಂದದ್ದೇ ಒಲೆ ಆರಿಸಿ
ಪಾತ್ರೆಗೆ ಹಳೇ ಕಂಬಳಿ ಹೊದೆಸಿ ಕೂರಿಸಬೇಕು,
ಜ್ವರ ಬಂದ ಮಗುವಿನ ಹಾಗೆ.
ಮೀಯುವ ನೀರಿಗೆ ಕರಟ, ತೆಂಗಿನ ಮಡಲು,
ಸಮುದ್ರ ತಂದು ಎಸೆದ ಕಟ್ಟಿಗೆ.
ಉಪ್ಪು ಕುಡಿದ ಜಾತಿ, ಚಟಪಟ ಬೈಯುತ್ತದೆ, ಉರಿಯುತ್ತದೆ.
ಮುರುಗಲ ಸಿಪ್ಪೆಯನ್ನು ಸಾರಿನಿಂದ ಹೆಕ್ಕಿ ತೆಗೆದು
ಮರುದಿನ ಇನ್ನೊಮ್ಮೆ ದುಡಿಸುತ್ತೇನೆ.
ಬಂಗಡೆ ಕೊಳ್ಳುವುದು ಪೇಟೆ ಏಳುವ ಹೊತ್ತಿಗೆ,
ಬುಟ್ಟಿಯ ತಳ ಕಾಣುವಾಗ,
ಮಾರುವವಳಿಗೆ ಬಸ್ಸಿನ ಅವಸರ ಇರುವಾಗ.

ನಮ್ಮವರದ್ದು ಬೇರೆಯೇ ಉಳಿತಾಯ.
ಗೋವೆಯಲ್ಲಿ ಪೆಟ್ರೋಲು ಅಗ್ಗವೆಂದು
ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ
ಗಡಿಯಾಚೆ ಬಂಕಿನ ಸಾಲಿನಲ್ಲಿ ನಿಂತು ಬರುತ್ತಾರೆ.
ಮೂರು ಲೀಟರಿಗೆ ಉಳಿದದ್ದು ಇಪ್ಪತ್ತು ರೂಪಾಯಿ,
ಹೋಗಿಬರಲು ಸುಟ್ಟದ್ದು ಅರ್ಧ ಲೀಟರು,
ಮೇಲೆ ಒಂದು ಚಹಾ, ಒಂದು ಬನ್ಸು.
ನಾನು ಏನೂ ಹೇಳುವುದಿಲ್ಲ.
ಗೆದ್ದು ಬಂದ ಗಂಡಸಿನ ಮುಖ ನೋಡಲಿಕ್ಕೂ
ಸ್ವಲ್ಪ ಖರ್ಚಾಗುತ್ತದೆ.

ಆದರೆ ಕೊನೆಯ ಮನೆಯ ಶೇವಂತಿ ತಾಂಡೇಲಳದ್ದು
ಎಪ್ಪತ್ತು ದಾಟಿತು.
ಎಂಬತ್ತು.
ತೊಂಬತ್ತೊಂದನೇ ದಿನ ನಲ್ಲಿಯ ಹತ್ತಿರ ಯಾರೂ ಮಾತಾಡಲಿಲ್ಲ.
‘ರೆಗ್ಯುಲೇಟರು ಬೇರೆ ಇರಬೇಕು’ ಅಂದರು
ಕಡೆಗೆ ರೇವಣಕರ ಬಾಯಿ.
ನನಗೆ ರಾತ್ರಿ ನಿದ್ದೆ ಇಲ್ಲ.
ಐವತ್ತೆರಡು, ಎಂಥಾ ದುಂದು!

ಗುಟ್ಟು ಕಲಿಯಲಿಕ್ಕೆಂದೇ ಹೋದೆ,
ಕೈಯಲ್ಲಿ ಖಾಲಿ ಬಟ್ಟಲು,
ಸಕ್ಕರೆ ಕೇಳುವ ನೆಪ.
ಸಂಜೆ ಏಳೂವರೆ,
ಐದೂ ಮನೆಗಳಲ್ಲಿ ಒಗ್ಗರಣೆ ಸಿಡಿಯುವ ಹೊತ್ತು.
ಅವಳ ಒಲೆಯ ಮೇಲೆ
ಮಡಚಿಟ್ಟ ಬಟ್ಟೆಯ ಅಟ್ಟಿ.
ನೆಲದ ಮೇಲೆ ತಾಟು:
ಬೆಳಗಿನ ಅನ್ನ, ಅದಕ್ಕೆ ನೀರು,
ಉಪ್ಪಿನ ಹರಳು, ನಾಲ್ಕು ಒಣ ಶೆಟ್ಲಿ.

‘ಅವರು ಮಾಲ್ಪೆಯ ಬೋಟಿನಲ್ಲಿ, ಬರುವುದು ಚೌತಿಗೆ.
ಹುಡುಗಿ ಹಾಸ್ಟೆಲಿನಲ್ಲಿ.
ಒಂದು ಬಾಯಿಗೆಂದು ಒಲೆ ಹಚ್ಚಲಿಕ್ಕೆ
ಕೈಯೇ ಏಳುವುದಿಲ್ಲ ನೋಡು.’
ನಕ್ಕಳು,
ತಾಟನ್ನು ಸೆರಗಿನ ಮರೆಗೆ ಸರಿಸುತ್ತ.

ಸಕ್ಕರೆ ಕೇಳಿದ್ದೆನಲ್ಲ,
ಡಬ್ಬಿಯ ತಳ ಕೆರೆದು ಬಟ್ಟಲು ತುಂಬಿಸಿಯೇ ಕೊಟ್ಟಳು.
ಬೇಡವೆನ್ನಲು ನನ್ನಲ್ಲಿ ನೆಪ ಉಳಿದಿರಲಿಲ್ಲ,
ಇದ್ದದ್ದೊಂದು ಬಾಗಿಲಲ್ಲೇ ಖರ್ಚಾಗಿತ್ತು.

ಮಗನ ಕೈಯಲ್ಲಿ ಡಬ್ಬಿ ಕಳಿಸಿದೆ, ತೊಳೆದು ವಾಪಸು ಬಂತು,
ಒಳಗೆ ಅಷ್ಟೇ ಸಾರು ಬೇರೆ ಪಾತ್ರೆಯಲ್ಲಿ.
ಆಮೇಲೆ ನಾನೇ ಹೋಗಿ ಲೆಕ್ಕ ಹೇಳಿದೆ:
‘ಎರಡು ಮನೆಯ ಅನ್ನ ಎರಡು ಒಲೆಯಲ್ಲಿ ಯಾಕೆ?
ಒಂದೇ ಕುದಿ, ಒಂದೇ ಕಂಬಳಿ.
ಗ್ಯಾಸು ಯಾರಪ್ಪನದು?’
ಪಾಪವೆಂದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.
ಉಳಿತಾಯವೆಂದೆ.
ಬೆರಳು ಮಡಚಿ ಎಣಿಸಿದಳು, ನನ್ನನ್ನೊಮ್ಮೆ ದಿಟ್ಟಿಸಿದಳು,
‘ಹಾಗಾದರೆ ಕಾಯಿ ನನ್ನದು’ ಅಂದಳು.

ಈಗ ಏಳೂವರೆಗೆ
ಅರ್ಧ ತೆಂಗಿನಕಾಯಿ, ಒಂದು ತಾಟು ಹಿಡಿದು ಬರುತ್ತಾಳೆ.
ನನ್ನ ಬಂಗಡೆಗೆ ಹುಳಿ ಸಾಲದೆನ್ನುತ್ತಾಳೆ.
ಎರಡನೇ ಸಲದ ಮುರುಗಲು ಎಂದು
ಮೊದಲ ತುತ್ತಿಗೇ ಹಿಡಿದುಬಿಟ್ಟಳು.

ಈ ಸಲದ ಸಿಲಿಂಡರು ನಲವತ್ತನಾಲ್ಕಕ್ಕೆ ಮುಗಿಯಿತು.
ನಲ್ಲಿಯ ಹತ್ತಿರ ಕೇಳಿದರು, ಹೇಳಿದೆ.
ರೇವಣಕರ ಬಾಯಿ ಕೊಡ ಕೆಳಗಿಟ್ಟರು:
‘ಎಲ್ಲೋ ಸೋರುತ್ತಿದೆಯಲ್ಲೇ, ಪೈಪು ನೋಡಿಸು.’
ನೋಡಿಸುತ್ತೇನೆ ಅಂದೆ.